ಟೈಮ್‌ಲೈನ್‌ನೊಳಗೊಂದು ಟೈಮ್‌ಲೈನ್: ವಿಡಿಯೊ ಸಂಕಲನದಲ್ಲಿ ಕ್ಯಾಶ್ ಸಮಸ್ಯೆಯನ್ನು ಬೋಧಿಸುವ ಬಗೆ

ಪೀಠಿಕೆ

ಎರಡು ವರ್ಷದ ಬಿ.ಎಡ್. ಪಠ್ಯಕ್ರಮದಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ವಿಮರ್ಶಾತ್ಮಕ ತಿಳಿವಳಿಕೆಗೆ ಪ್ರತ್ಯೇಕ ಸ್ಥಾನ ದೊರೆತ ಮೇಲೆ, ವಿಡಿಯೊ ಪಾಠ ತಯಾರಿಕೆ ನಮ್ಮ ಪ್ರಶಿಕ್ಷಣಾರ್ಥಿಗಳ ನಿತ್ಯದ ಕೆಲಸಗಳಲ್ಲಿ ಒಂದಾಗಿದೆ. ಕೋವಿಡ್ ಕಾಲದಲ್ಲಿ ಡಿಎಸ್‌ಇಆರ್‌ಟಿ ಸಿದ್ಧಪಡಿಸಿದ ‘ಸಂವೇದ’ ಪಾಠಗಳು ದೂರದರ್ಶನ ಚಂದನದಲ್ಲಿ ಪ್ರಸಾರವಾದಾಗ, ಶಿಕ್ಷಕರು ಕ್ಯಾಮೆರಾದ ಮುಂದೆ ನಿಂತು ಪಾಠ ಮಾಡುವುದು ಮನೆಮನೆಗೂ ಪರಿಚಿತವಾಯಿತು. ಇಂದು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಯ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿ ತನ್ನ ಮೊಬೈಲಿನಲ್ಲಿ ಚಿತ್ರೀಕರಿಸಿ, ಕಾಲೇಜಿನ ಲ್ಯಾಬಿನಲ್ಲಿ ಸಂಕಲಿಸಿ, ತರಗತಿಯಲ್ಲಿ ತೋರಿಸುವ ಹಂತಕ್ಕೆ ಬಂದಿದ್ದಾರೆ.

ಈ ಕೆಲಸದಲ್ಲಿ ಪದೇ ಪದೇ ಎದುರಾಗುವ ಒಂದು ತೊಡಕು ಹೀಗಿದೆ. ಪಾಠವನ್ನು ಸಣ್ಣ ಸಣ್ಣ ಟೈಮ್‌ಲೈನ್‌ಗಳಾಗಿ ಸಂಕಲಿಸಿ, ಅವನ್ನೆಲ್ಲ ಒಂದು ದೊಡ್ಡ ಟೈಮ್‌ಲೈನ್‌ನಲ್ಲಿ ಜೋಡಿಸಿರುತ್ತೇವೆ. ಒಳಗಿನ ಟೈಮ್‌ಲೈನ್‌ನಲ್ಲಿ ತಪ್ಪೊಂದನ್ನು ತಿದ್ದುತ್ತೇವೆ. ಹೊರಗಿನದನ್ನು ಚಲಾಯಿಸಿ ನೋಡಿದರೆ ಹಳೆಯ ಚಿತ್ರವೇ ಕಾಣುತ್ತದೆ. ಇಲ್ಲವೇ ಒಳಗೆ ಸರಾಗವಾಗಿ ಓಡುವ ದೃಶ್ಯ ಹೊರಗೆ ತಡವರಿಸುತ್ತದೆ. ಆಗ ಸಾಮಾನ್ಯವಾಗಿ ಕೇಳಿಬರುವ ಸಲಹೆ ಒಂದೇ: “ಕ್ಯಾಶ್ ಅಳಿಸಿ, ಮತ್ತೆ ತೆರೆಯಿರಿ.” ಇದರಿಂದ ಕೆಲವೊಮ್ಮೆ ಸರಿಹೋಗುತ್ತದೆ, ಕೆಲವೊಮ್ಮೆ ಇಲ್ಲ. ಏಕೆ ಸರಿಹೋಯಿತು, ಏಕೆ ಸರಿಹೋಗಲಿಲ್ಲ ಎಂಬುದು ಮಾತ್ರ ತಿಳಿಯದೇ ಉಳಿಯುತ್ತದೆ.

ಗುಂಡಿ ಒತ್ತುವ ಕ್ರಮವನ್ನಷ್ಟೇ ಕಲಿಸಿದರೆ ತಂತ್ರಾಂಶದ ಮುಂದಿನ ಆವೃತ್ತಿಯಲ್ಲಿ ಆ ಗುಂಡಿ ಬೇರೆ ಕಡೆ ಇರುತ್ತದೆ. ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಮೊದಲೇ ಊಹಿಸುವುದನ್ನು ಕಲಿಸಿದರೆ ಆ ತಿಳಿವಳಿಕೆ ಎಲ್ಲ ತಂತ್ರಾಂಶಕ್ಕೂ ಒದಗುತ್ತದೆ. ಈ ಲೇಖನದ ಪಾಠಯೋಜನೆ ಇದೇ ನಂಬಿಕೆಯ ಮೇಲೆ ನಿಂತಿದೆ. ಕಂಪ್ಯೂಟರಿಗಿಂತ ಮೊದಲು ಕಾಗದ, ಕೆಂಪು ಪೆನ್ಸಿಲ್ ಮತ್ತು ಹಸಿರು ಪೆನ್ಸಿಲ್ ಬಳಸುವ ಪಾಠ ಇದು.

ವಿಷಯ ಪರಿಚಯ

ಒಂದು ಟೈಮ್‌ಲೈನ್ ಅನ್ನು ಇನ್ನೊಂದು ಟೈಮ್‌ಲೈನ್‌ನಲ್ಲಿ ಒಂದೇ ತುಣುಕಿನಂತೆ ಇಡುವ ಸೌಲಭ್ಯ ಇಂದಿನ ಪ್ರಮುಖ ಸಂಕಲನ ತಂತ್ರಾಂಶಗಳಲ್ಲೆಲ್ಲ ಇದೆ. ಅಡೋಬಿ ಪ್ರೀಮಿಯರ್ ಪ್ರೊದಲ್ಲಿ ಇದು ‘ನೆಸ್ಟೆಡ್ ಸೀಕ್ವೆನ್ಸ್’. ಡಾವಿಂಚಿ ರಿಸಾಲ್ವ್ ಮತ್ತು ಫೈನಲ್ ಕಟ್ ಪ್ರೊದಲ್ಲಿ ಹೆಚ್ಚಾಗಿ ಬಳಸುವುದು ‘ಕಾಂಪೌಂಡ್ ಕ್ಲಿಪ್’. ಮುಕ್ತ ತಂತ್ರಾಂಶವಾದ ಕೆಡೆನ್‌ಲೈವ್‌ಗೆ ಒಂದೇ ಯೋಜನೆಯಲ್ಲಿ ಹಲವು ಸೀಕ್ವೆನ್ಸ್ ಇಟ್ಟು ಒಂದರೊಳಗೊಂದು ಜೋಡಿಸುವ ಸೌಲಭ್ಯ ಬಂದದ್ದು 2023ರ ಏಪ್ರಿಲ್‌ನ 23.04 ಆವೃತ್ತಿಯಲ್ಲಿ. ಶುಲ್ಕವಿಲ್ಲದೆ ದೊರೆಯುವುದರಿಂದ ಮತ್ತು ಉಬುಂಟು ಇರುವ ಲ್ಯಾಬಿನಲ್ಲೂ ನಡೆಯುವುದರಿಂದ ಈ ಪಾಠಕ್ಕೆ ಕೆಡೆನ್‌ಲೈವ್ ಅನುಕೂಲ. ಬೇರೆ ತಂತ್ರಾಂಶ ಇದ್ದರೂ ಪಾಠದ ತಿರುಳು ಬದಲಾಗುವುದಿಲ್ಲ.

ಈ ಲೇಖನದಲ್ಲಿ ಒಳಗೆ ಇಟ್ಟದ್ದನ್ನು ‘ಒಳ ಟೈಮ್‌ಲೈನ್’ ಎಂದೂ ಅದನ್ನು ಹೊತ್ತಿರುವುದನ್ನು ‘ಹೊರ ಟೈಮ್‌ಲೈನ್’ ಎಂದೂ ಕರೆಯುತ್ತೇವೆ.

ಕ್ಯಾಶ್ ಎಂದರೆ ಮತ್ತೆ ಮತ್ತೆ ಲೆಕ್ಕ ಹಾಕುವ ಬದಲು ಒಮ್ಮೆ ತಯಾರಿಸಿ ಎತ್ತಿಟ್ಟುಕೊಂಡ ಪ್ರತಿ. ಹಣದ ಕ್ಯಾಶ್‌ಗೂ ಇದಕ್ಕೂ ಸಂಬಂಧವಿಲ್ಲ ಎಂದು ಪಾಠದ ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ಉಚ್ಚಾರಣೆ ಒಂದೇ ಆಗಿರುವುದರಿಂದ ಕಲಿಯುವವರಲ್ಲಿ ಕೆಲವರಿಗಾದರೂ ಗೊಂದಲವಾಗುತ್ತದೆ.

ಎತ್ತಿಡುವ ಅಗತ್ಯವೇನು ಎಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. 1920×1080 ಅಳತೆಯ ಒಂದು ಫ್ರೇಮಿನಲ್ಲಿ 20,73,600 ಬಿಂದುಗಳಿವೆ. ಬಿಂದುವೊಂದಕ್ಕೆ 4 ಬೈಟ್ ಎಂದರೆ ಒಂದು ಫ್ರೇಮಿಗೆ ಸುಮಾರು 83 ಲಕ್ಷ ಬೈಟ್. ಸೆಕೆಂಡಿಗೆ 25 ಫ್ರೇಮಿನಂತೆ 20 ಕೋಟಿ ಬೈಟಿಗೂ ಹೆಚ್ಚು. 6 ನಿಮಿಷದ ಪಾಠವನ್ನು ಹಿಂಡದೆ ಹಾಗೆಯೇ ಇಟ್ಟುಕೊಳ್ಳಲು ಸುಮಾರು 75 ಗಿಗಾಬೈಟ್ ಬೇಕು. 8 ಗಿಗಾಬೈಟ್ ಮೆಮೊರಿಯ ಲ್ಯಾಬ್ ಕಂಪ್ಯೂಟರಿನಲ್ಲಿ ಇದು ಸಾಧ್ಯವಿಲ್ಲ. ಆದ್ದರಿಂದ ತಂತ್ರಾಂಶವು ಟೈಮ್‌ಲೈನ್ ಅನ್ನು ತುಂಡುಗಳಾಗಿ ವಿಂಗಡಿಸಿ, ಕಷ್ಟದ ತುಂಡುಗಳನ್ನು ಮೊದಲೇ ತಯಾರಿಸಿ, ಹಿಂಡಿ, ಡಿಸ್ಕಿನಲ್ಲಿ ಇಡುತ್ತದೆ. ಕೆಡೆನ್‌ಲೈವ್‌ನ ಮುನ್ನೋಟ ತಯಾರಿಕೆಯಲ್ಲಿ ಸಿದ್ಧವಾಗದ ತುಂಡು ಕೆಂಪಾಗಿಯೂ ಸಿದ್ಧವಾದದ್ದು ಹಸಿರಾಗಿಯೂ ಕಾಣುತ್ತದೆ. ಪ್ರೀಮಿಯರ್‌ನಲ್ಲಿ ಹಸಿರು ಎಂದರೆ ಮುನ್ನೋಟದ ಕಡತ ಸಿದ್ಧವಿದೆ; ಹಳದಿ ಎಂದರೆ ಸಿದ್ಧಪಡಿಸಿಲ್ಲ, ಆದರೂ ಸರಾಗವಾಗಿ ಓಡಬಹುದು; ಕೆಂಪು ಎಂದರೆ ಸಿದ್ಧಪಡಿಸದೆ ಸರಾಗವಾಗಿ ಓಡುವುದು ಕಷ್ಟ. ರಿಸಾಲ್ವ್‌ನಲ್ಲಿ ಸಿದ್ಧವಾದದ್ದಕ್ಕೆ ನೀಲಿ ಗೆರೆ.

ಪಾಠದ ವಿವರ

ಕಲಿಯುವವರು: ಬಿ.ಎಡ್. ಪ್ರಶಿಕ್ಷಣಾರ್ಥಿಗಳು (ಸಹಪಾಠಿ ಬೋಧನೆ)
ಅವಧಿ: 45 ನಿಮಿಷ
ವಿಧಾನ: ರಚನಾವಾದಿ 5ಇ ಮಾದರಿ
ಪೂರ್ವಜ್ಞಾನ: ತುಣುಕು ಕತ್ತರಿಸುವುದು, ಜೋಡಿಸುವುದು, ಶೀರ್ಷಿಕೆ ಹಾಕುವುದು ತಿಳಿದಿರಬೇಕು
ಸಾಮಗ್ರಿ: ಚೌಕುಳಿ ಹಾಳೆಯ ಪಟ್ಟಿಗಳು, ಕೆಂಪು ಮತ್ತು ಹಸಿರು ಪೆನ್ಸಿಲ್, ಬದಲಾವಣೆ ಚೀಟಿಗಳು, ತಂಡಕ್ಕೊಂದು ಕಂಪ್ಯೂಟರ್

ನಿರೀಕ್ಷಿತ ಕಲಿಕಾ ಫಲಗಳು:
1. ಒಳ ಟೈಮ್‌ಲೈನ್‌ನ ಒಂದು ಕ್ಷಣ ಹೊರ ಟೈಮ್‌ಲೈನ್‌ನಲ್ಲಿ ಎಲ್ಲೆಲ್ಲಿ ಬರುತ್ತದೆ ಎಂದು ಲೆಕ್ಕ ಹಾಕುವರು.
2. ಒಂದು ಬದಲಾವಣೆಯಿಂದ ಯಾವ ಸಿದ್ಧ ತುಂಡುಗಳು ಹಳತಾಗುತ್ತವೆ, ಯಾವುವು ಉಳಿಯುತ್ತವೆ ಎಂದು ಕಾರಣಸಹಿತ ಊಹಿಸುವರು.
3. ಕ್ಯಾಶ್‌ನಿಂದಾದ ತೊಂದರೆಯನ್ನು ಹಾಗೆ ತೋರುವ ಬೇರೆ ತೊಂದರೆಗಳಿಂದ ಪ್ರತ್ಯೇಕಿಸುವರು.

ಪಾಠದ ವಸ್ತು

ಅಭ್ಯಾಸಕ್ಕೆ ಆರಿಸಿಕೊಂಡಿರುವುದು ಶಿಲೆಗಳ ಬಗ್ಗೆ 6 ನಿಮಿಷದ ಒಂದು ವಿಡಿಯೊ ಪಾಠ. ಸ್ಥಳ ಲಾಲ್‌ಬಾಗ್‌ನ ಬಂಡೆ, ಕೆಂಪೇಗೌಡ ಗೋಪುರ ಇರುವ ಅದೇ ಬಂಡೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಪೆನಿನ್ಸುಲಾರ್ ನೀಸ್ ಎಂಬ ಈ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಜಯನಗರದಿಂದಾಗಲಿ ಬನಶಂಕರಿಯಿಂದಾಗಲಿ ಹಸಿರು ಮಾರ್ಗದ ಮೆಟ್ರೊದಲ್ಲಿ ಬೇಗನೆ ತಲುಪಬಹುದಾದ್ದರಿಂದ ಚಿತ್ರೀಕರಣಕ್ಕೂ ಅನುಕೂಲ.

‘ಪೂರ್ಣ ಪಾಠ’ ಎಂಬ ಹೊರ ಟೈಮ್‌ಲೈನ್‌ನಲ್ಲಿ ಐದು ಒಳ ಟೈಮ್‌ಲೈನ್‌ಗಳು ಹೀಗಿವೆ:

ಶೀರ್ಷಿಕೆ: 0:00ರಿಂದ 0:10
ಬಂಡೆಯ ನೋಟ: 0:10ರಿಂದ 2:10
ಶಿಲೆಯ ವಯಸ್ಸು: 2:10ರಿಂದ 2:50
ನೀಸ್‌ನ ಪಟ್ಟೆಗಳು: 2:50ರಿಂದ 5:00
ಸಾರಾಂಶ: 5:00ರಿಂದ 6:00

ಇದರಲ್ಲಿ ಇನ್ನೊಂದು ಮಡಿಕೆಯೂ ಇದೆ. ‘ಶಿಲೆಯ ವಯಸ್ಸು’ ಟೈಮ್‌ಲೈನ್‌ನ 10ರಿಂದ 30ನೇ ಸೆಕೆಂಡಿನವರೆಗಿನ ಭಾಗವನ್ನು ‘ಸಾರಾಂಶ’ದ 20ರಿಂದ 40ನೇ ಸೆಕೆಂಡಿನಲ್ಲಿ ಮತ್ತೆ ಬಳಸಲಾಗಿದೆ. ಅಂದರೆ ಅದು ಪೂರ್ಣ ಪಾಠಕ್ಕೆ ಎರಡು ದಾರಿಯಿಂದ ಬರುತ್ತದೆ: ಒಮ್ಮೆ ನೇರವಾಗಿ, ಇನ್ನೊಮ್ಮೆ ಸಾರಾಂಶದ ಮೂಲಕ.

ಈಗ ‘ಶಿಲೆಯ ವಯಸ್ಸು’ ಟೈಮ್‌ಲೈನ್‌ನ 12ರಿಂದ 18ನೇ ಸೆಕೆಂಡಿನಲ್ಲಿ ತೋರುವ ಫಲಕದಲ್ಲಿ ‘30 ಕೋಟಿ ವರ್ಷ’ ಎಂದು ತಪ್ಪಾಗಿ ಬರೆದಿದೆ ಎಂದಿಟ್ಟುಕೊಳ್ಳಿ. ಒಂದು ಸೊನ್ನೆ ಬಿಟ್ಟುಹೋಗಿದೆ. ಒಳಗೆ ತಿದ್ದಿದ್ದಾಯಿತು. ಹೊರಗೆ ಹಳೆಯ ಪ್ರತಿಯೇ ಓಡಿದರೆ, ಅದನ್ನು ಗಮನಿಸದೆ ತರಗತಿಗೆ ಒಯ್ದರೆ, ಮಕ್ಕಳು ತಮ್ಮ ನೋಟ್‌ಪುಸ್ತಕದಲ್ಲಿ ಹತ್ತರಲ್ಲಿ ಒಂದು ಪಾಲು ವಯಸ್ಸನ್ನು ಬರೆದುಕೊಳ್ಳುತ್ತಾರೆ. ಬಾಯಿಮಾತಿನ ತಪ್ಪನ್ನು ಶಿಕ್ಷಕರು ಮರುಕ್ಷಣವೇ ತಿದ್ದಬಹುದು. ತೆರೆಯ ಮೇಲೆ ಅಚ್ಚುಕಟ್ಟಾಗಿ ಮೂಡಿದ ಸಂಖ್ಯೆಯನ್ನು ಮಕ್ಕಳು ಅಷ್ಟು ಸುಲಭವಾಗಿ ಸಂಶಯಿಸುವುದಿಲ್ಲ. ಈ ಪಾಠವನ್ನು ತಾಂತ್ರಿಕ ಕೌಶಲವೆಂದಷ್ಟೇ ನೋಡಬಾರದು ಎನ್ನುವುದು ಇದಕ್ಕಾಗಿಯೇ.

ಹೆಜ್ಜೆ 1: ತೊಡಗಿಸಿಕೊಳ್ಳುವಿಕೆ (5 ನಿಮಿಷ)

ದರ್ಶಿನಿಯ ಚೌಚೌ ಭಾತ್‌ನಿಂದ ಆರಂಭಿಸಬಹುದು. ಖಾರಾ ಭಾತ್ ಒಂದು ಪಾತ್ರೆಯಲ್ಲಿ, ಕೇಸರಿ ಭಾತ್ ಇನ್ನೊಂದರಲ್ಲಿ ಬೆಳಿಗ್ಗೆಯೇ ತಯಾರಾಗಿರುತ್ತದೆ. ಕೌಂಟರಿನಲ್ಲಿ ಚೀಟಿ ಕೊಟ್ಟೊಡನೆ ಎರಡರಿಂದಲೂ ಒಂದೊಂದು ಸೌಟು ತಟ್ಟೆಗೆ ಬೀಳುತ್ತದೆ. ಜನಸಂದಣಿಯ ಹೊತ್ತಿನಲ್ಲಿ ಕೆಲವು ತಟ್ಟೆಗಳನ್ನು ಮೊದಲೇ ತುಂಬಿ ಸಾಲಾಗಿ ಇಟ್ಟಿದ್ದಾರೆ ಎಂದುಕೊಳ್ಳಿ. ಈಗ ಮೂರು ಪ್ರಶ್ನೆ ಕೇಳಿ:

“ಖಾರಾ ಭಾತ್‌ಗೆ ಉಪ್ಪು ಹಾಕಿಲ್ಲ ಎಂದು ಗೊತ್ತಾಯಿತು. ಏನೇನು ಮತ್ತೆ ಮಾಡಬೇಕು?”
“ತಟ್ಟೆಗೆ ಚಟ್ನಿಯನ್ನೂ ಹಾಕಬೇಕು ಎಂದರು. ಏನೇನು ಬದಲಾಗುತ್ತದೆ?”
“ಪಾತ್ರೆಯಲ್ಲಿ ಉಪ್ಪು ಸರಿಮಾಡಿ, ಮೊದಲೇ ತುಂಬಿಟ್ಟ ತಟ್ಟೆಯನ್ನೇ ಕೊಟ್ಟರೆ?”

ಮೊದಲನೆಯದಕ್ಕೆ ಖಾರಾ ಭಾತ್ ಪಾತ್ರೆ ಮತ್ತು ತುಂಬಿಟ್ಟ ತಟ್ಟೆಗಳು. ಕೇಸರಿ ಭಾತ್ ಪಾತ್ರೆಗೆ ಏನೂ ಆಗಿಲ್ಲ. ಎರಡನೆಯದಕ್ಕೆ ತಟ್ಟೆ ಮಾತ್ರ. ಪಾತ್ರೆಗಳು ಹಾಗೆಯೇ ಇರುತ್ತವೆ. ಮೂರನೆಯದಕ್ಕೆ ಉತ್ತರ ನಗುವಿನೊಂದಿಗೇ ಬರುತ್ತದೆ. ಅಡುಗೆ ಸರಿಯಾಗಿದೆ, ಬಡಿಸಿದ್ದು ಮಾತ್ರ ಹಳೆಯದು. ಒಳಗೆ ತಿದ್ದಿದರೂ ಹೊರಗೆ ಕಾಣುವ ಹಳೆಯ ಚಿತ್ರವನ್ನು ಇಲ್ಲಿಂದ ಮುಂದೆ ‘ತಂಗಳು ಚಿತ್ರ’ ಎಂದು ಕರೆಯೋಣ.

ಈ ಹೋಲಿಕೆಗೆ ಒಂದು ಮಿತಿ ಇದೆ, ಅದನ್ನೂ ಹೇಳಬೇಕು. ಅಡುಗೆಯವರು ರುಚಿ ನೋಡಿ ತಂಗಳನ್ನು ಗುರುತಿಸಬಲ್ಲರು. ತಂತ್ರಾಂಶಕ್ಕೆ ರುಚಿ ನೋಡುವ ಶಕ್ತಿಯಿಲ್ಲ. ಯಾವುದು ಯಾವುದರಿಂದ ಆಗಿದೆ ಎಂಬ ಪಟ್ಟಿಯೊಂದೇ ಅದಕ್ಕೆ ಆಧಾರ. ಆ ಪಟ್ಟಿಯಲ್ಲಿ ಒಂದು ಕೊಂಡಿ ತಪ್ಪಿದರೆ ತಂಗಳು ಚಿತ್ರ ಹಸಿರು ಗುರುತು ಹೊತ್ತುಕೊಂಡೇ ಓಡುತ್ತದೆ.

ಹೆಜ್ಜೆ 2: ಅನ್ವೇಷಣೆ (15 ನಿಮಿಷ)

ಪ್ರತಿ ತಂಡಕ್ಕೂ ಆರು ಕಾಗದದ ಪಟ್ಟಿಗಳನ್ನು ಕೊಡಿ. ಒಂದು ಚೌಕ ಎಂದರೆ 10 ಸೆಕೆಂಡ್. ಹಾಗಾಗಿ ಶೀರ್ಷಿಕೆಗೆ 1 ಚೌಕ, ಬಂಡೆಯ ನೋಟಕ್ಕೆ 12, ಶಿಲೆಯ ವಯಸ್ಸಿಗೆ 4, ಪಟ್ಟೆಗಳಿಗೆ 13, ಸಾರಾಂಶಕ್ಕೆ 6. ಇವೆಲ್ಲ ಸೇರಿದ ಪೂರ್ಣ ಪಾಠದ ಪಟ್ಟಿಯಲ್ಲಿ 36 ಚೌಕ. ಎಲ್ಲ ಚೌಕಗಳಿಗೂ ಹಸಿರು ಬಳಿಯಲಿ. ಎಲ್ಲವೂ ಸಿದ್ಧವಾಗಿವೆ ಎಂದರ್ಥ. ನಂತರ ತಂಡಕ್ಕೆ ಒಂದೊಂದಾಗಿ ಬದಲಾವಣೆ ಚೀಟಿ ಕೊಟ್ಟು, ಯಾವ ಚೌಕ ಕೆಂಪಾಗಬೇಕು ಎಂದು ಚರ್ಚಿಸಿ ಗುರುತಿಸಲು ಹೇಳಿ. ಪ್ರತಿ ಚೀಟಿಗೂ ಎಲ್ಲವೂ ಹಸಿರಿರುವ ಸ್ಥಿತಿಯಿಂದಲೇ ಆರಂಭ. ಆದ್ದರಿಂದ ಪಟ್ಟಿಗಳ ನಾಲ್ಕು ಪ್ರತಿಗಳನ್ನು ಇಟ್ಟುಕೊಂಡಿರಬೇಕು.

ಚೀಟಿ 1: ‘ಶಿಲೆಯ ವಯಸ್ಸು’, 12ರಿಂದ 18ನೇ ಸೆಕೆಂಡ್. ಫಲಕದ ಸಂಖ್ಯೆಯನ್ನು 300 ಕೋಟಿ ಎಂದು ತಿದ್ದಲಾಗಿದೆ.
ಚೀಟಿ 2: ‘ಪೂರ್ಣ ಪಾಠ’, 2:50ರಿಂದ 5:00. ಮೂಲೆಯಲ್ಲಿ ಕಾಲೇಜಿನ ಲಾಂಛನ ಹಾಕಲಾಗಿದೆ.
ಚೀಟಿ 3: ‘ಸಾರಾಂಶ’, 20ರಿಂದ 40ನೇ ಸೆಕೆಂಡ್. ಚಿತ್ರವನ್ನು ಸ್ವಲ್ಪ ಮಸುಕು ಮಾಡಲಾಗಿದೆ.
ಚೀಟಿ 4: ‘ಶಿಲೆಯ ವಯಸ್ಸು’, 34ರಿಂದ 38ನೇ ಸೆಕೆಂಡ್. ಹಿನ್ನೆಲೆಯ ಬಣ್ಣ ಬದಲಿಸಲಾಗಿದೆ.

ಮೊದಲ ಚೀಟಿಗೆ ಸಾಮಾನ್ಯವಾಗಿ ಬರುವ ಉತ್ತರ ಅರ್ಧ ಸರಿ ಇರುತ್ತದೆ. ಆಗ ಉತ್ತರವನ್ನು ಹೇಳಿಬಿಡದೆ ಹೀಗೆ ಮುಂದುವರಿಸಬಹುದು:

ತಂಡ: ಮೇಡಂ, ವಯಸ್ಸಿನ ಪಟ್ಟಿಯಲ್ಲಿ ಎರಡನೇ ಚೌಕ ಕೆಂಪು. ಪೂರ್ಣ ಪಾಠದಲ್ಲಿ ಹದಿನೈದನೇ ಚೌಕ ಕೆಂಪು. ಅಷ್ಟೇ.
ಶಿಕ್ಷಕಿ: ಸಾರಾಂಶ?
ತಂಡ: ಅಲ್ಲಿ ನಾವು ಏನೂ ಮುಟ್ಟಿಲ್ಲವಲ್ಲ ಮೇಡಂ. ಹಸಿರಾಗಿಯೇ ಇರಲಿ.
ಶಿಕ್ಷಕಿ: ಮುಟ್ಟಿಲ್ಲ, ಸರಿ. ಸಾರಾಂಶದ ಮೂರನೇ ಚೌಕದಲ್ಲಿ ಯಾವ ಚಿತ್ರ ಕಾಣುತ್ತೆ?
ತಂಡ: ವಯಸ್ಸಿನ ಫಲಕ… ಓ, ಹಾಗಾದ್ರೆ ಅದೂ ಕೆಂಪು.
ಶಿಕ್ಷಕಿ: ಸಾರಾಂಶ ಎಲ್ಲಿದೆ?
ತಂಡ: ಪೂರ್ಣ ಪಾಠದ ಕೊನೆಯಲ್ಲಿ. ಅಂದ್ರೆ ಅಲ್ಲೂ ಇನ್ನೊಂದು ಚೌಕ ಕೆಂಪಾಗುತ್ತೆ ಮೇಡಂ.

“ನಾವು ಮುಟ್ಟಿಲ್ಲವಲ್ಲ” ಎಂಬ ಮಾತಿನಲ್ಲೇ ಮುಖ್ಯ ತಪ್ಪುಗ್ರಹಿಕೆ ಅಡಗಿದೆ. ಮುಟ್ಟದಿದ್ದರೂ ಹಳತಾಗಬಹುದು ಎಂಬುದನ್ನು ಕಲಿಯುವವರು ತಾವೇ ಕಂಡುಕೊಳ್ಳುವಷ್ಟು ಸಮಯ ಕೊಡಿ.

ಹೆಜ್ಜೆ 3: ವಿವರಣೆ (10 ನಿಮಿಷ)

ತಂಡಗಳ ಉತ್ತರ ಬಂದ ಮೇಲೆ ಕಪ್ಪುಹಲಗೆಯಲ್ಲಿ ಚೀಟಿ 1ರ ಲೆಕ್ಕ ಬರೆಯಿರಿ.

ನೇರ ದಾರಿ: 2:10 + 12 ಸೆಕೆಂಡ್ = 2:22; 2:10 + 18 ಸೆಕೆಂಡ್ = 2:28. ಪೂರ್ಣ ಪಾಠದ 15ನೇ ಚೌಕ.
ಸಾರಾಂಶದ ದಾರಿ: 12ನೇ ಸೆಕೆಂಡ್ ಬಳಸಿದ ಭಾಗದ ಆರಂಭದಿಂದ 2 ಸೆಕೆಂಡ್ ಮುಂದಿದೆ. ಆ ಭಾಗ ಸಾರಾಂಶದಲ್ಲಿ 20ನೇ ಸೆಕೆಂಡಿಗೆ ಆರಂಭ. ಆದ್ದರಿಂದ ಸಾರಾಂಶದ 22ರಿಂದ 28, ಮೂರನೇ ಚೌಕ. ಪೂರ್ಣ ಪಾಠದಲ್ಲಿ 5:22ರಿಂದ 5:28, 33ನೇ ಚೌಕ.

ಒಟ್ಟು ಕೆಂಪಾಗುವುದು ನಾಲ್ಕು ಚೌಕ: ವಯಸ್ಸಿನಲ್ಲಿ 1, ಸಾರಾಂಶದಲ್ಲಿ 1, ಪೂರ್ಣ ಪಾಠದಲ್ಲಿ 2.

ಚೀಟಿ 2ಕ್ಕೆ ಪೂರ್ಣ ಪಾಠದ 18ರಿಂದ 30ರವರೆಗಿನ 13 ಚೌಕಗಳು ಕೆಂಪು. ‘ಪಟ್ಟೆಗಳು’ ಒಳ ಟೈಮ್‌ಲೈನ್‌ನ ಒಂದು ಚೌಕವೂ ಬದಲಾಗದು. ಲಾಂಛನ ಅದರ ಮೇಲಿದೆ, ಒಳಗಿಲ್ಲ. ಚೀಟಿ 3ಕ್ಕೆ ಸಾರಾಂಶದ 3 ಮತ್ತು 4, ಪೂರ್ಣ ಪಾಠದ 33 ಮತ್ತು 34. ವಯಸ್ಸಿನ ಪಟ್ಟಿ ಹಸಿರಾಗಿಯೇ ಉಳಿಯುತ್ತದೆ. ಚೀಟಿ 4ಕ್ಕೆ ವಯಸ್ಸಿನ 4ನೇ ಚೌಕ ಮತ್ತು ಪೂರ್ಣ ಪಾಠದ 17ನೇ ಚೌಕ ಮಾತ್ರ. ಸಾರಾಂಶ ಬಳಸಿರುವುದು 10ರಿಂದ 30ನೇ ಸೆಕೆಂಡಿನ ಭಾಗವನ್ನಷ್ಟೇ. 34ನೇ ಸೆಕೆಂಡ್ ಅದರಲ್ಲಿ ಬರುವುದಿಲ್ಲ.

ಈ ನಾಲ್ಕು ಉತ್ತರಗಳಿಂದ ಕಲಿಯುವವರೇ ನಿಯಮವನ್ನು ಹೇಳುವಂತಾಗಬೇಕು. ಅವರ ಮಾತುಗಳಲ್ಲೇ ಕಪ್ಪುಹಲಗೆಯ ಮೇಲೆ ಬರಲಿ:

1. ಬದಲಾವಣೆಯ ಪರಿಣಾಮ ಒಳಗಿನಿಂದ ಹೊರಕ್ಕೆ ಹರಿಯುತ್ತದೆ. ಹೊರಗಿನಿಂದ ಒಳಕ್ಕೆ ಹರಿಯುವುದಿಲ್ಲ.
2. ಒಂದನ್ನು ಎಷ್ಟು ಕಡೆ ಬಳಸಿದ್ದೇವೋ ಅಷ್ಟೂ ಕಡೆ ಹರಿಯುತ್ತದೆ.
3. ಬಳಸಿದ ಭಾಗದಲ್ಲಿ ಆದ ಬದಲಾವಣೆ ಮಾತ್ರ ಹರಿಯುತ್ತದೆ.

ಈಗ ಕಂಪ್ಯೂಟರಿನಲ್ಲಿ ಅದೇ ಬದಲಾವಣೆ ಮಾಡಿ, ತಂತ್ರಾಂಶ ಎಲ್ಲೆಲ್ಲಿ ಕೆಂಪು ತೋರಿಸುತ್ತದೆ ಎಂದು ಕಾಗದದೊಂದಿಗೆ ಹೋಲಿಸಲಿ. ಎರಡೂ ತಾಳೆಯಾಗಲೇಬೇಕೆಂದಿಲ್ಲ. ತಾಳೆಯಾಗದಿದ್ದಾಗ ಅದನ್ನು ಎರಡು ಬಗೆಯಾಗಿ ವಿಂಗಡಿಸಲು ಕಲಿಸಿ. ತಂತ್ರಾಂಶ ನಮ್ಮ ಲೆಕ್ಕಕ್ಕಿಂತ ಹೆಚ್ಚು ಚೌಕಗಳನ್ನು ಕೆಂಪು ಮಾಡಿದರೆ ಸಮಯ ವ್ಯರ್ಥ, ಆದರೆ ಕಾಣುವ ಚಿತ್ರ ಸರಿಯಾಗಿಯೇ ಇರುತ್ತದೆ. ನಮ್ಮ ಲೆಕ್ಕಕ್ಕಿಂತ ಕಡಿಮೆ ಮಾಡಿದರೆ ಸಮಯ ಉಳಿಯಿತು, ಆದರೆ ತೆರೆಯ ಮೇಲೆ ತಂಗಳು ಚಿತ್ರ. ತಂತ್ರಾಂಶ ರೂಪಿಸುವವರು ಈ ಎರಡರ ನಡುವೆ ಸಮತೋಲ ಹುಡುಕುತ್ತಿರುತ್ತಾರೆ. ಮಡಿಕೆ ಹೆಚ್ಚಿದಂತೆ ಪಟ್ಟಿ ಉದ್ದವಾಗುತ್ತದೆ. ಕೊಂಡಿ ತಪ್ಪುವ ಸಾಧ್ಯತೆಯೂ ಹೆಚ್ಚುತ್ತದೆ. ಶಿಕ್ಷಕರ ದೃಷ್ಟಿಯಿಂದ ಮೊದಲನೆಯದು ಸಹಿಸಬಹುದಾದ ದೋಷ, ಎರಡನೆಯದು ಸಹಿಸಲಾಗದ ದೋಷ.

ಹೆಜ್ಜೆ 4: ವಿಸ್ತರಣೆ (10 ನಿಮಿಷ)

ಎಲ್ಲ ತೊಂದರೆಗೂ ಕ್ಯಾಶ್ ಕಾರಣವಲ್ಲ. ಹೊರನೋಟಕ್ಕೆ ಹಾಗೆ ಕಾಣುವ ಮೂರು ಸನ್ನಿವೇಶಗಳನ್ನು ಚರ್ಚೆಗೆ ಕೊಡಿ.

ಮೊದಲನೆಯದು, ಒಳಗೆ ಸರಾಗ, ಹೊರಗೆ ತಡವರಿಕೆ. ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದು ಫ್ರೇಮ್ ತಯಾರಿಸಲು 40 ಮಿಲಿಸೆಕೆಂಡ್ ಮಾತ್ರ ಇದೆ. ಉದಾಹರಣೆಗೆ, ‘ಬಂಡೆಯ ನೋಟ’ದ ಒಂದು ಫ್ರೇಮನ್ನು ಬಿಚ್ಚಲು 15, ಬಣ್ಣ ತಿದ್ದಲು 12, ಒಟ್ಟು 27 ಮಿಲಿಸೆಕೆಂಡ್ ಬೇಕು ಎಂದುಕೊಳ್ಳಿ. ಒಂಟಿಯಾಗಿ ಅದು ಸರಾಗವಾಗಿ ಓಡುತ್ತದೆ. ಹೊರಗೆ ಅದು ಇನ್ನೊಂದು ಅಂಥದೇ ಒಳ ಟೈಮ್‌ಲೈನ್‌ನೊಂದಿಗೆ ಕರಗುತ್ತಾ ಬದಲಾಗುವಾಗ ಎರಡನ್ನೂ ಏಕಕಾಲಕ್ಕೆ ತಯಾರಿಸಬೇಕು: 27 + 27. ಲಾಂಛನಕ್ಕೆ 8 ಸೇರಿದರೆ 62. ಇರುವುದು 40. ಇಲ್ಲಿ ಏನೂ ಹಳತಾಗಿಲ್ಲ. ಕೆಲಸ ಹೆಚ್ಚಾಗಿದೆ ಅಷ್ಟೇ. ಆ ಕೆಲವು ಸೆಕೆಂಡುಗಳಿಗೆ ಮಾತ್ರ ಮುನ್ನೋಟ ತಯಾರಿಸಿಕೊಳ್ಳುವುದು, ಹಗುರವಾದ ಪ್ರಾಕ್ಸಿ ತುಣುಕು ಬಳಸುವುದು, ಅಥವಾ ಮುನ್ನೋಟದ ಅಳತೆಯನ್ನು 960×540ಕ್ಕೆ ಇಳಿಸುವುದು ಪರಿಹಾರ. 960×540ರಲ್ಲಿ ಬಿಂದುಗಳು ನಾಲ್ಕರಲ್ಲಿ ಒಂದು ಪಾಲು. ಇಂಥ ಹೊತ್ತಿನಲ್ಲಿ ಕ್ಯಾಶ್ ಅಳಿಸಿದರೆ ತಡವರಿಕೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗದು.

ಎರಡನೆಯದು, ತಿದ್ದಿದರೂ ಹೊರಗೆ ಬರುತ್ತಿಲ್ಲ, ಕ್ಯಾಶ್ ಅಳಿಸಿದರೂ ಬರುತ್ತಿಲ್ಲ. ಇದು ಹೆಚ್ಚಾಗಿ ಪ್ರತಿ ಮಾಡಿದ ಟೈಮ್‌ಲೈನ್‌ನ ಗೊಂದಲ. ‘ಶಿಲೆಯ ವಯಸ್ಸು’ ಮತ್ತು ಅದರ ನಕಲು ಎರಡೂ ಯೋಜನೆಯಲ್ಲಿವೆ. ತಿದ್ದಿದ್ದು ಒಂದನ್ನು, ಹೊರಗಿರುವುದು ಇನ್ನೊಂದು. ನಕಲು ಮಾಡಿದ ಮೇಲೆ ಎರಡಕ್ಕೂ ಸಂಬಂಧವಿಲ್ಲ.

ಮೂರನೆಯದು, ಒಳಗೆ 2 ಸೆಕೆಂಡ್ ಸೇರಿಸಿದರೆ ಹೊರಗೆ ಕೊನೆಯ 2 ಸೆಕೆಂಡ್ ಕತ್ತರಿಸಿಹೋಗುತ್ತದೆ. ಪ್ರೀಮಿಯರ್‌ನಲ್ಲಿ ಒಳಗಿನ ಅವಧಿ ಬದಲಾದರೂ, ಮೊದಲೇ ಜೋಡಿಸಿದ್ದ ತುಣುಕಿನ ಉದ್ದ ಹೊರಗೆ ತಾನಾಗಿ ಬದಲಾಗುವುದಿಲ್ಲ. ಚಿತ್ರ ಹೊಸದೇ, ಕಿಟಕಿಯ ಅಳತೆ ಹಳೆಯದು. ಅಂಚನ್ನು ಕೈಯಿಂದ ಎಳೆದು ಉದ್ದ ಮಾಡಬೇಕು.

ಇವನ್ನು ಪ್ರತ್ಯೇಕಿಸಲು ಮೂರು ಹಂತದ ಪರೀಕ್ಷೆ ಸಾಕು.

1. ಹೊರ ಟೈಮ್‌ಲೈನ್‌ನಲ್ಲಿ ಸಂಶಯದ ಕ್ಷಣಕ್ಕೆ ಹೋಗಿ ನಿಲ್ಲಿಸಿ. ಅಲ್ಲಿಂದಲೇ ಒಳ ಟೈಮ್‌ಲೈನ್ ತೆರೆದು ಅದೇ ಕ್ಷಣವನ್ನು ನೋಡಿ. ಎರಡು ನಿಂತ ಚಿತ್ರಗಳೂ ಒಂದೇ ಆಗಿದ್ದು ಚಲನೆ ಮಾತ್ರ ತಡವರಿಸಿದರೆ ಅದು ಕೆಲಸದ ಹೊರೆ. ಒಳಗೂ ತಿದ್ದುಪಡಿ ಕಾಣದಿದ್ದರೆ ನೀವು ತಿದ್ದಿದ್ದು ನಕಲನ್ನು.
2. ಒಳಗೆ ಹೊಸದು, ಹೊರಗೆ ಹಳೆಯದು ಕಂಡರೆ, ಆ ಭಾಗದ ಮುನ್ನೋಟವನ್ನು ಮಾತ್ರ ಅಳಿಸಿ ಮತ್ತೆ ನೋಡಿ. ಸರಿಯಾದರೆ ಅದು ತಂಗಳು ಚಿತ್ರವೇ. ಸಾರಾಂಶದಂಥ ನಡುವಿನ ಮಡಿಕೆ ಇದ್ದರೆ ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಅಳಿಸುತ್ತಾ ಬನ್ನಿ.
3. ಆ 10 ಸೆಕೆಂಡುಗಳನ್ನಷ್ಟೇ ಕಡತವಾಗಿ ಹೊರತೆಗೆದು ಬೇರೊಂದು ಪ್ಲೇಯರ್‌ನಲ್ಲಿ ನೋಡಿ. ಮಕ್ಕಳು ನೋಡುವುದು ಈ ಕಡತವನ್ನು; ಅಂತಿಮ ಸಾಕ್ಷಿ ಇದೇ.

ಮೂರನೇ ಹಂತವನ್ನು ಬಿಡಬಾರದು. ಸಾಮಾನ್ಯವಾಗಿ ಅಂತಿಮ ಕಡತ ಮೂಲ ತುಣುಕುಗಳಿಂದಲೇ ಹೊಸದಾಗಿ ತಯಾರಾಗುತ್ತದೆ. ಆದರೆ ಪ್ರೀಮಿಯರ್‌ನಲ್ಲಿ ‘ಯೂಸ್ ಪ್ರಿವ್ಯೂಸ್’, ರಿಸಾಲ್ವ್‌ನಲ್ಲಿ ‘ಯೂಸ್ ರೆಂಡರ್ ಕ್ಯಾಶ್ಡ್ ಇಮೇಜಸ್’ ಎಂಬ ಆಯ್ಕೆಗಳಿವೆ. ಬೇಗ ಮುಗಿಯಲೆಂದು ಅವನ್ನು ಗುರುತು ಮಾಡಿದರೆ ಮೊದಲೇ ಎತ್ತಿಟ್ಟ ಪ್ರತಿಯೇ ಅಂತಿಮ ಕಡತಕ್ಕೆ ಸೇರುತ್ತದೆ. ಪಾಠ ಸಲ್ಲಿಸುವ ಹಿಂದಿನ ರಾತ್ರಿ ಈ ಆಯ್ಕೆ ಆಕರ್ಷಕವಾಗಿ ಕಾಣುತ್ತದೆ. ಗುರುತು ತೆಗೆದು ತಯಾರಿಸುವುದೇ ಕ್ಷೇಮ.

ಹೆಜ್ಜೆ 5: ಮೌಲ್ಯಮಾಪನ (5 ನಿಮಿಷ)

ಪ್ರಶ್ನೆಗಳು ನೆನಪನ್ನು ಅಳೆಯುವ ಬದಲು ಊಹೆಯನ್ನು ಅಳೆಯಲಿ.

1. ‘ಶೀರ್ಷಿಕೆ’ಯಲ್ಲಿ ಒಂದು ಕಾಗುಣಿತ ತಿದ್ದಲಾಗಿದೆ. ಯಾವ ಯಾವ ಪಟ್ಟಿಯ ಎಷ್ಟನೇ ಚೌಕ ಕೆಂಪಾಗಬೇಕು? (ಶೀರ್ಷಿಕೆಯ 1, ಪೂರ್ಣ ಪಾಠದ 1)
2. ಪೂರ್ಣ ಪಾಠದಲ್ಲಿ ‘ಬಂಡೆಯ ನೋಟ’ ಮತ್ತು ‘ಶಿಲೆಯ ವಯಸ್ಸು’ಗಳ ಸ್ಥಾನ ಅದಲುಬದಲು ಮಾಡಿದರೆ ಒಳ ಟೈಮ್‌ಲೈನ್‌ಗಳ ಕ್ಯಾಶ್ ಏನಾಗುತ್ತದೆ? (ಒಳಗಿನದು ಹಾಗೆಯೇ ಉಳಿಯಬೇಕು; ಪೂರ್ಣ ಪಾಠದ 2ರಿಂದ 17ರವರೆಗಿನ 16 ಚೌಕ ಹೊಸದಾಗಬೇಕು)
3. ಕ್ಯಾಶ್ ಅಳಿಸಿದ ಮೇಲೂ ‘30 ಕೋಟಿ’ ಎಂದೇ ಕಾಣುತ್ತಿದೆ. ಮುಂದೆ ಏನನ್ನು ಪರೀಕ್ಷಿಸುವಿರಿ, ಏಕೆ? (ತಿದ್ದಿದ್ದು ಹೊರಗೆ ಬಳಸಿದ ಟೈಮ್‌ಲೈನ್ ಅನ್ನೇ ಅಥವಾ ಅದರ ನಕಲನ್ನೇ ಎಂಬುದನ್ನು)

ಮೂರನೇ ಪ್ರಶ್ನೆಗೆ “ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುತ್ತೇವೆ” ಎಂಬ ಉತ್ತರ ಬಂದರೆ, ಎರಡನೇ ಹೆಜ್ಜೆಗೆ ಇನ್ನಷ್ಟು ಸಮಯ ಬೇಕಿತ್ತು ಎಂದು ತಿಳಿಯಬೇಕು.

ವೀಕ್ಷಕರಿಗೆ ಮತ್ತು ಮಾರ್ಗದರ್ಶಕರಿಗೆ ಸೂಚನೆಗಳು

ಈ ಪಾಠವನ್ನು ವೀಕ್ಷಿಸುವಾಗ ಕೆಳಗಿನ ಅಂಶಗಳನ್ನು ಗಮನಿಸಬಹುದು.

ಕಂಪ್ಯೂಟರ್ ಯಾವಾಗ ತೆರೆಯಿತು? ಕಾಗದದ ಊಹೆಗೆ ಮೊದಲೇ ತೆರೆದರೆ ಕಲಿಯುವವರು ಬಣ್ಣ ನೋಡಿ ಉತ್ತರ ಬರೆಯುತ್ತಾರೆ, ಲೆಕ್ಕ ಮಾಡುವುದಿಲ್ಲ. ಊಹೆ ಮೊದಲು, ಪರೀಕ್ಷೆ ನಂತರ ಎಂಬ ಕ್ರಮ ವಿಜ್ಞಾನ ಪ್ರಯೋಗದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ.

ಚೌಚೌ ಭಾತ್‌ನ ಹೋಲಿಕೆ ಎಷ್ಟು ಹೊತ್ತು ನಡೆಯಿತು? ಐದು ನಿಮಿಷ ಮೀರಿದರೆ ತರಗತಿ ಹೋಟೆಲುಗಳ ಹೋಲಿಕೆಗೆ ಇಳಿಯುತ್ತದೆ. ಹೋಲಿಕೆಯ ಮಿತಿಯನ್ನು ಶಿಕ್ಷಕರು ಹೇಳಿದರೇ ಎಂಬುದನ್ನೂ ಗುರುತು ಹಾಕಿಕೊಳ್ಳಿ.

“ನಾವು ಮುಟ್ಟಿಲ್ಲವಲ್ಲ” ಎಂಬ ತಪ್ಪುಗ್ರಹಿಕೆ ಬಂದಾಗ ಶಿಕ್ಷಕರು ತಾವೇ ತಿದ್ದಿದರೇ, ಪ್ರಶ್ನೆಯಿಂದ ತಿದ್ದಿಸಿದರೇ? ಅನ್ವೇಷಣಾ ಪ್ರಶ್ನೆ ಕೌಶಲಕ್ಕೆ ಈ ಘಟ್ಟವೊಂದೇ ಉತ್ತಮ ನಿದರ್ಶನ. ಸೂಕ್ಷ್ಮ ಬೋಧನೆಯಲ್ಲಿ ಇದನ್ನು ಮಾತ್ರ ಪ್ರತ್ಯೇಕಿಸಿ 6 ನಿಮಿಷದ ಪಾಠವಾಗಿಯೂ ಮಾಡಿಸಬಹುದು.

ಲ್ಯಾಬಿನ ಮಿತಿಯನ್ನೂ ಗಮನಿಸಬೇಕು. ಒಂದೇ ಕಂಪ್ಯೂಟರನ್ನು ಹಲವರು ಬಳಸುವಾಗ ಎಲ್ಲರ ಕ್ಯಾಶ್ ಕಡತಗಳೂ ಒಂದೇ ಡಿಸ್ಕಿನಲ್ಲಿ ತುಂಬುತ್ತವೆ. ಜಾಗ ಮುಗಿದರೆ ಹೊಸ ಮುನ್ನೋಟ ತಯಾರಾಗದು. ಕೆಡೆನ್‌ಲೈವ್‌ನಲ್ಲಿ ಯೋಜನೆವಾರು ಕ್ಯಾಶ್ ನೋಡಿ ಅಳಿಸುವ ಸೌಲಭ್ಯವಿದೆ. ಅಳಿಸಬೇಕಾದದ್ದು ತನ್ನ ಯೋಜನೆಯದನ್ನು ಮಾತ್ರ ಎಂಬ ಶಿಸ್ತನ್ನು ಲ್ಯಾಬಿನ ನಿಯಮವಾಗಿ ಮೊದಲ ದಿನವೇ ತಿಳಿಸಿ. ಕ್ಯಾಶ್ ಹೋದರೆ ಸಮಯ ಹೋಗುತ್ತದೆ, ಕೆಲಸ ಹೋಗುವುದಿಲ್ಲ. ಮೂಲ ವಿಡಿಯೊ ತುಣುಕು ಹೋದರೆ ಕೆಲಸವೇ ಹೋಗುತ್ತದೆ. ಈ ಎರಡು ಕಡತಕೋಶಗಳ ವ್ಯತ್ಯಾಸವನ್ನು ಕಲಿಯುವವರು ಬಾಯಲ್ಲಿ ಹೇಳುವಂತಾದ ಮೇಲಷ್ಟೇ ಅಳಿಸುವ ಗುಂಡಿಯ ಹತ್ತಿರ ಬಿಡಿ.

ಉಪಸಂಹಾರ

ಒಳ ಟೈಮ್‌ಲೈನ್ ಬಳಸುವುದರಿಂದ ತೊಂದರೆ ಎಂದು ಅದನ್ನೇ ಕೈಬಿಡಬೇಕಾಗಿಲ್ಲ. ಆರು ನಿಮಿಷದ ಪಾಠವನ್ನು ಐದು ಅರ್ಥಪೂರ್ಣ ಭಾಗಗಳಾಗಿ ಒಡೆಯುವುದು ಘಟಕ ಯೋಜನೆಯನ್ನು ಪಾಠಯೋಜನೆಗಳಾಗಿ ಒಡೆಯುವಂಥದೇ ಒಳ್ಳೆಯ ಅಭ್ಯಾಸ. ಒಂದು ಫಲಕವನ್ನು ಒಂದೇ ಕಡೆ ತಿದ್ದಿ ಎರಡು ಕಡೆ ಸರಿಪಡಿಸುವ ಅನುಕೂಲ ಅದರಿಂದಲೇ ಬಂದದ್ದು. ಆ ಅನುಕೂಲಕ್ಕೆ ತೆರಬೇಕಾದ ಬೆಲೆ ಎಂದರೆ ತಿದ್ದಿದ ಮೇಲೆ ಎರಡೂ ಕಡೆ ಹೋಗಿ ನೋಡುವುದು.

ಪ್ರಶಿಕ್ಷಣಾರ್ಥಿಗಳು ತಮ್ಮ ವಿಡಿಯೊ ಪಾಠದ ಜೊತೆಗೆ ಒಂದು ಪುಟದ ‘ಬಳಕೆ ಪಟ್ಟಿ’ಯನ್ನೂ ಸಲ್ಲಿಸುವ ಪದ್ಧತಿಯನ್ನು ಕಾಲೇಜುಗಳು ಆರಂಭಿಸಬಹುದು. ಯಾವ ಒಳ ಟೈಮ್‌ಲೈನ್ ಎಲ್ಲೆಲ್ಲಿ, ಯಾವ ಸಮಯಕ್ಕೆ ಬಳಕೆಯಾಗಿದೆ ಎಂಬ ಪಟ್ಟಿ ಅದು. ಮಾರ್ಗದರ್ಶಕರು ಪಾಠದಲ್ಲಿ ತಪ್ಪೊಂದನ್ನು ಗುರುತಿಸಿದಾಗ, ಅದನ್ನು ಎಷ್ಟು ಕಡೆ ಪರಿಶೀಲಿಸಬೇಕು ಎಂಬುದು ಆ ಪುಟದಿಂದಲೇ ತಿಳಿಯುತ್ತದೆ. ಲಾಲ್‌ಬಾಗ್ ಬಂಡೆಯ ಪಾಠದಲ್ಲಾದರೆ 2:22ಕ್ಕೆ ಒಮ್ಮೆ, 5:22ಕ್ಕೆ ಇನ್ನೊಮ್ಮೆ ನಿಲ್ಲಿಸಿ ನೋಡಬೇಕು. ಎರಡೂ ಕಡೆ 300 ಎಂದಿದ್ದರೆ ಆ ಕಡತ ತರಗತಿಗೆ ಹೋಗಬಹುದು.